ಅರೆತಲೆನೋವಿನ ಜೀನ್ ಶೋಧ: ಉತ್ತರಕ್ಕಿಂತ ಮೊದಲು ಪ್ರಶ್ನೆ

ಅರೆತಲೆನೋವು ಮನೆತನದಲ್ಲಿ ಇಳಿದುಬರುತ್ತದೆ ಎಂಬುದು ಹಳೆಯ ತಿಳಿವಳಿಕೆ. ಅದು ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬ ವ್ಯತ್ಯಾಸದಲ್ಲಿ ಸುಮಾರು ಅರ್ಧದಷ್ಟು ಆನುವಂಶಿಕವೆಂದು ಅವಳಿಗಳ ಅಧ್ಯಯನಗಳು ಲೆಕ್ಕ ಹಾಕಿವೆ. ಆದರೆ ಮೊದಲ ಜೀನ್ ಸಿಕ್ಕಿದ್ದು ಈ ಸಾಮಾನ್ಯ ನೋವಿನಲ್ಲಲ್ಲ. ನೋವಿನ ಜೊತೆಗೆ ಮೈಯ ಒಂದು ಮಗ್ಗುಲು ತಾತ್ಕಾಲಿಕವಾಗಿ ಸೋಲುವ, ಬೆರಳೆಣಿಕೆಯ ಕುಟುಂಬಗಳಲ್ಲಿ ಕಾಣುವ ಅಪರೂಪದ ಬಗೆಯಲ್ಲಿ.

1993ರಲ್ಲಿ ಫ್ರೆಂಚ್ ಸಂಶೋಧಕರು ಅದರ ಜಾಡನ್ನು 19ನೇ ವರ್ಣತಂತುವಿನವರೆಗೆ ಹಿಡಿದರು. 1996ರಲ್ಲಿ ನೆದರ್ಲೆಂಡ್ಸ್‌ನ ಲೈಡನ್ ತಂಡ ಜೀನನ್ನೇ ಗುರುತಿಸಿತು: ಸಿಎಸಿಎನ್‌ಎ1ಎ. ನರತುದಿಯಲ್ಲಿ ಕ್ಯಾಲ್ಸಿಯಂ ಒಳಬಿಡುವ ಬಾಗಿಲನ್ನು ಕಟ್ಟುವ ಜೀನ್ ಇದು. ಇದರಲ್ಲಿ ಒಂದು ಅಕ್ಷರ ಬದಲಾಗಿ ಬಾಗಿಲು ಬೇಗ ತೆರೆಯುವಂತಾದರೆ ಈ ತಲೆನೋವು; ಬಾಗಿಲೇ ಕೆಟ್ಟು ನಿಂತರೆ ಆಗಾಗ ನಡಿಗೆ ತಪ್ಪುವ ಅಟಾಕ್ಸಿಯಾ; ಸಿಎಜಿ ಎಂಬ ಮೂರಕ್ಷರ ಅತಿಯಾಗಿ ಮರುಕಳಿಸಿದರೆ ಕಿರುಮೆದುಳು ನಿಧಾನವಾಗಿ ಸವೆಯುವ ಮತ್ತೊಂದು ರೋಗ. ಒಂದು ಜೀನಿಗೆ ಒಂದು ರೋಗ ಎಂದು ನಂಬಿದ್ದವರಿಗೆ ಆ ನಂಬಿಕೆ ಬಿಡಲು ಇದೊಂದೇ ಉದಾಹರಣೆ ಸಾಕಿತ್ತು.

ಕೆಲಸ ಅಲ್ಲಿಗೆ ನಿಲ್ಲಲಿಲ್ಲ; ದಶಕಗಳ ಹಿಂದಿನ ಒಂದು ಗಮನಿಕೆಗೂ ಈ ಜೀನ್ ಕೊಂಡಿಯಾಯಿತು. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ ತಮ್ಮದೇ ಅರೆತಲೆನೋವಿಗೆ ಮುನ್ನ ಕಣ್ಣೆದುರು ಹರಡುವ ಕುರುಡು ಕಲೆಯನ್ನು ಹಾಳೆಯ ಮೇಲೆ ಗೆರೆ ಎಳೆದು ಹಿಂಬಾಲಿಸಿದ್ದರು. ಮೆದುಳಿನ ಹೊರಪದರದಲ್ಲಿ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಸರಿಯುತ್ತಿದೆ ಎಂದು 1941ರಲ್ಲಿ ಲೆಕ್ಕ ಕೊಟ್ಟರು. 1944ರಲ್ಲಿ ಬ್ರೆಜಿಲ್‌ನ ಲಿಯಾವ್ ಮೊಲದ ಮೆದುಳಿನಲ್ಲಿ ಅಂಥದೇ ನಿಧಾನದ ಅಲೆಯನ್ನು ಕಂಡರು. ಅರವತ್ತು ವರ್ಷಗಳ ನಂತರ, 2004ರಲ್ಲಿ, ಮನುಷ್ಯರ ಸಿಎಸಿಎನ್‌ಎ1ಎ ದೋಷವನ್ನೇ ಇಲಿಗೆ ಸೇರಿಸಿ ನೋಡಿದಾಗ ಆ ಅಲೆ ಸುಲಭವಾಗಿ ಏಳುತ್ತಿತ್ತು. ಅದೇ ಅಪರೂಪದ ಬಗೆಯಲ್ಲಿ ಸಿಕ್ಕ ಎಟಿಪಿ1ಎ2 (2003), ಎಸ್‌ಸಿಎನ್1ಎ (2005) ಜೀನ್‌ಗಳೂ ಅಯಾನುಗಳ ಓಡಾಟಕ್ಕೇ ಸಂಬಂಧಿಸಿದವು. ಕೊನೆಯದರ ದೋಷ ಮಕ್ಕಳ ತೀವ್ರ ಮೂರ್ಛೆರೋಗಕ್ಕೂ ಕಾರಣ.

ಸಾಮಾನ್ಯ ಅರೆತಲೆನೋವಿನ ದಾರಿ ಬೇರೆ. 2022ರ ಬೃಹತ್ ಅಧ್ಯಯನ 1,02,084 ರೋಗಿಗಳನ್ನು 7,71,257 ಇತರರೊಂದಿಗೆ ಹೋಲಿಸಿ ವರ್ಣತಂತುಗಳ ಮೇಲಿನ 123 ತಾಣಗಳನ್ನು ಪಟ್ಟಿ ಮಾಡಿತು. ಒಂದೊಂದರ ಪ್ರಭಾವವೂ ಅತ್ಯಲ್ಪ. ನನ್ನ ಗಮನ ಸೆಳೆದದ್ದು ಆ ಸಂಖ್ಯೆಯಲ್ಲ. ರೋಗಿಗಳನ್ನು ದೃಷ್ಟಿಯ ಮುನ್ಸೂಚನೆ ಉಳ್ಳವರು, ಇಲ್ಲದವರು ಎಂದು ಬಿಡಿಸಿ ನೋಡಿದಾಗ, ಮುನ್ಸೂಚನೆ ಉಳ್ಳವರಲ್ಲಿ ಮಾತ್ರ ಕಂಡ ತಾಣಗಳಲ್ಲೊಂದು ಅದೇ ಸಿಎಸಿಎನ್‌ಎ1ಎ. ಎಲ್ಲರನ್ನೂ ಒಂದೇ ಹೆಸರಿನಡಿ ಸೇರಿಸಿ ಲೆಕ್ಕ ಹಾಕಿದ್ದರೆ ಈ ಭೇದ ಕಾಣುತ್ತಿರಲಿಲ್ಲ.

ಆ ಮಾಹಿತಿಯಲ್ಲಿ ದೊಡ್ಡ ಪಾಲು ಯುರೋಪಿಯನ್ ಮೂಲದವರದು; ಅದರಲ್ಲೂ ಬಹಳಷ್ಟು ಮಂದಿ ಪ್ರಶ್ನಾವಳಿಗೆ ತಾವೇ ಉತ್ತರ ತುಂಬಿದವರು. ಇತ್ತ ಕರ್ನಾಟಕದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ವರ್ಷವೊಂದರಲ್ಲಿ ಅರೆತಲೆನೋವಿನ ಪ್ರಮಾಣ ಶೇ. 25.2. ರೋಗಿಗಳಿಗೇನೂ ಕೊರತೆಯಿಲ್ಲ, ಕೊರತೆ ಇರುವುದು ಸರಿಯಾಗಿ ಬರೆದ ವಂಶಾವಳಿಯದು. "ನಿಮ್ಮ ತಾಯಿಗೆ ಮೈಗ್ರೇನ್ ಇತ್ತಾ?" ಎಂದರೆ ಮಗಳು ಇಲ್ಲವೆನ್ನುತ್ತಾಳೆ. ಅಮ್ಮ "ಪಿತ್ತ" ಎಂದು ತಲೆಗೆ ಬಟ್ಟೆ ಬಿಗಿದು ಕತ್ತಲ ಕೋಣೆಯಲ್ಲಿ ಮಲಗುತ್ತಿದ್ದದ್ದು, ವಾಂತಿಯಾದ ಮೇಲೆ ಹಗುರಾಗುತ್ತಿದ್ದದ್ದು ಆ ಪದದೊಳಗೆ ಬರುವುದೇ ಇಲ್ಲ. ಇಲ್ಲಿನ ರಕ್ತದ ಮಾದರಿ ಪ್ರಯೋಗಾಲಯ ಸೇರುವ ಮುನ್ನ ಕೇಳಬೇಕಾದದ್ದು ಹೀಗೆ: ಪಿತ್ತದ ತಲೆನೋವು ಬರುತ್ತಿತ್ತೇ, ಬರುವ ಮುಂಚೆ ಕಣ್ಣಮುಂದೆ ಅಂಕುಡೊಂಕು ಬೆಳಕು ಮಿನುಗುತ್ತಿತ್ತೇ, ಆ ಬೆಳಕು ಒಂದೇ ಕಡೆ ನಿಲ್ಲುತ್ತಿತ್ತೋ, ಮೆಲ್ಲಗೆ ಅಂಚಿಗೆ ಸರಿಯುತ್ತಿತ್ತೋ?