ಮೈನಸ್ ಒಂದು ಮತ್ತು ಮಾವನ ಲಾರಿ

ಚೆನ್ನೈನಿಂದ ಮಾತಾಡ್ತಿದ್ದೀನಿ. ಸಾಲ ಕೊಡೋ ಕಂಪನಿಗಳಿಗೆ ಸಾಫ್ಟ್‌ವೇರ್ ಬರೆಯೋದು ನನ್ನ ಕೆಲಸ. ಹಿಂದೆಂದೂ ಸಾಲ ತಗೊಳ್ಳದವರ ಸಿಬಿಲ್ ವರದಿಯಲ್ಲಿ ಅಂಕದ ಜಾಗದಲ್ಲಿ ಮೈನಸ್ ಒಂದು ಅಂತ ಬರುತ್ತೆ. ಅಂಥವರನ್ನ ನಮ್ಮ ಕೋಡ್ ಬಾಗಿಲಲ್ಲೇ ವಾಪಸ್ ಕಳಿಸುತ್ತೆ. ಆ ಸಾಲು ಬರೆದವನು ನಾನೇ. ಬರೆದ ದಿನ ಚಿತ್ರದುರ್ಗದ ಸೋದರಮಾವ ನೆನಪಾದ.

ಮಾವ ಲಾರಿ ಡ್ರೈವರ್. ತೊಂಬತ್ತರ ದಶಕದಲ್ಲಿ ಸ್ವಂತಕ್ಕೊಂದು ಹಳೇ ಲಾರಿ ಕೊಳ್ಳೋಕೆ ಹೊರಟ. ಬ್ಯಾಂಕಲ್ಲಿ ಆದಾಯದ ದಾಖಲೆ ಕೇಳಿದ್ರು, ಇರಲಿಲ್ಲ. ಆಸ್ತಿ ಪತ್ರ ಕೇಳಿದ್ರು, ಅದೂ ಇರಲಿಲ್ಲ. ಕೊನೆಗೆ ದುಡ್ಡು ಕೊಟ್ಟಿದ್ದು ಊರಲ್ಲಿ 'ಫೈನಾನ್ಸ್‌ನೋರು' ಅಂತ ಕರೀತಿದ್ದ ಒಂದು ಕಂಪನಿ.

ಈ ಫೈನಾನ್ಸ್‌ನೋರ ಇತಿಹಾಸದ ದೊಡ್ಡದೊಂದು ಅಧ್ಯಾಯ ನಾನೀಗ ಇರೋ ಊರಿನದೇ. 1954ರಲ್ಲಿ ಇಲ್ಲಿ ಸುಂದರಂ ಫೈನಾನ್ಸ್ ಶುರುವಾಗಿ, ವಾಹನಗಳನ್ನ ಕಂತಿನ ಮೇಲೆ ಕೊಳ್ಳೋ ದಾರಿ ತೆರೀತು. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಗಿ ಹಳ್ಳಿಗಳಿಗೂ ಶಾಖೆಗಳು ಬಂದವು. ಆದ್ರೆ ಹಳೇ ಲಾರಿ ಕೊಳ್ಳೋ ಡ್ರೈವರ್ ಮಾತ್ರ ಹೊರಗೇ ಉಳಿದ. 1974ರಲ್ಲಿ ಆರ್. ತ್ಯಾಗರಾಜನ್ ಮತ್ತು ಗೆಳೆಯರು ಶ್ರೀರಾಮ್ ಚಿಟ್ಸ್ ಕಟ್ಟಿದ್ರು. 1979ರಲ್ಲಿ ಶ್ರೀರಾಮ್ ಟ್ರಾನ್ಸ್‌ಪೋರ್ಟ್ ಫೈನಾನ್ಸ್ ಬಂತು. ತ್ಯಾಗರಾಜನ್ ಗಣಿತ ಓದಿ ಇನ್ಶೂರೆನ್ಸ್‌ನಲ್ಲಿ ದುಡಿದವರು. ಬ್ಯಾಂಕು ಅಪಾಯ ಅಂತ ದೂರ ಇಟ್ಟಿದ್ದು ಅವರಿಗೆ ಲೆಕ್ಕ ಹಾಕಬಹುದಾದ ವಿಷಯವಾಗಿ ಕಾಣ್ತು. ಹಳೇ ಲಾರಿಯ ಸಾಲವೇ ಆ ಕಂಪನಿಯ ಮುಖ್ಯ ವ್ಯಾಪಾರವಾಗಿ ಬೆಳೀತು.

ಲೆಕ್ಕ ಹೇಗೆ? ಮಾವನ ಕಥೆಯಲ್ಲೇ ಹೇಳ್ತೀನಿ. ಕಂಪನಿಯ ಹುಡುಗ ಲಾರಿ ಸ್ಟ್ಯಾಂಡಿಗೇ ಬಂದ. ಇಂಜಿನ್ ಸ್ಟಾರ್ಟ್ ಮಾಡಿಸಿ ಕೇಳಿದ. ಮೆಕ್ಯಾನಿಕ್ ಹತ್ರ, ಟೀ ಅಂಗಡಿಯವರ ಹತ್ರ ಮಾವನ ಬಗ್ಗೆ ವಿಚಾರಿಸಿದ. ಜಾಮೀನಿಗೆ ಇನ್ನೊಬ್ಬ ಲಾರಿ ಮಾಲೀಕನ ಸಹಿ ಹಾಕಿಸ್ಕೊಂಡ. ಕಾಗದ ಹೇಳದಿದ್ದನ್ನ ಸ್ಟ್ಯಾಂಡ್ ಹೇಳಿತ್ತು.

ಇದೇನು ಧರ್ಮಕಾರ್ಯ ಅಲ್ಲ. ಇಂಥ ಕಂಪನಿಗಳಿಗೆ ಉಳಿತಾಯ ಖಾತೆಯ ಅಗ್ಗದ ದುಡ್ಡು ಸಿಗಲ್ಲ. ತಾವೇ ಬ್ಯಾಂಕುಗಳಿಂದ ಸಾಲ ತಂದು, ಓಡಾಟದ ಖರ್ಚೂ ಸೇರಿಸಿ ಬಡ್ಡಿ ಹಾಕ್ತಾರೆ. ಮಾವ ಬ್ಯಾಂಕಿಗಿಂತ ಜಾಸ್ತಿ ಬಡ್ಡಿ ಕಟ್ಟಿದ. ಅವನ ಗೆಳೆಯನೊಬ್ಬ ಕಂತು ತಪ್ಪಿಸಿದಾಗ ರಾತ್ರೋರಾತ್ರಿ ಲಾರಿ ಎಳ್ಕೊಂಡು ಹೋದ್ರು. 1997ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ಇಂಥ ಕಂಪನಿಗಳು ಆರ್‌ಬಿಐನಲ್ಲಿ ನೋಂದಣಿ ಮಾಡಿಸೋದು ಕಡ್ಡಾಯ ಆಯ್ತು. ಸಾಲ ಸಿಕ್ಕರಷ್ಟೇ ಸಾಲದು, ಕೊಟ್ಟವರನ್ನ ಕೇಳೋರೂ ಇರಬೇಕು.

ಒಂದು ಮಳೆಗಾಲ ಮಾವನ ಕಂತೂ ತಪ್ಪಿತು. ಅದೇ ಹುಡುಗ ಬಂದ. ಗ್ಯಾರೇಜಲ್ಲಿ ಬಿಚ್ಚಿಟ್ಟಿದ್ದ ಇಂಜಿನ್ ನೋಡಿ, ಒಂದು ತಿಂಗಳು ಗಡುವು ಕೊಟ್ಟು ಹೋದ. ಲಾರಿ ಉಳೀತು. ಆ ಲಾರಿಯ ದುಡಿಮೆಯಲ್ಲೇ ನನ್ನ ಎಂಟೆಕ್ ಫೀಸಿನ ಒಂದು ಪಾಲು ಬಂತು.

ಹೋದ ತಿಂಗಳು ಮೀಟಿಂಗಲ್ಲಿ ಕೇಳಿದೆ: ಮೈನಸ್ ಒಂದು ಬಂದವರನ್ನ ತಳ್ಳಿಹಾಕೋ ಬದಲು, ಒಬ್ಬ ಮನುಷ್ಯ ಹೋಗಿ ನೋಡೋ ಹಾಗೆ ಮಾಡೋಣ್ವಾ? ಖರ್ಚು ಜಾಸ್ತಿ ಅಂದ್ರು. ನಿಜಾನೇ. ಆ ಹುಡುಗನ ಓಡಾಟಕ್ಕೂ ಖರ್ಚಿತ್ತು, ಅದನ್ನ ಮಾವ ಬಡ್ಡಿಯಲ್ಲಿ ಕಟ್ಟಿದ. ನನ್ನ ಸಾಲು ಇನ್ನೂ ಹಾಗೇ ಓಡ್ತಾ ಇದೆ. ನಾನು ಇನ್ನೊಂದು ಸಲ ಕೇಳ್ತೀನಿ.