ಬೆಳಗಿನ ಎಂಟು ಗಂಟೆಯ ರಕ್ತ

ಪಿಟ್ಯುಟರಿ ಆಪರೇಷನ್ ಆದವರಿಗೆ ಡಾಕ್ಟರು ತಪ್ಪದೆ ಹೇಳೋ ಮಾತೊಂದಿದೆ: ಬೆಳಗ್ಗೆ ಎಂಟರ ಹೊತ್ತಿಗೆ ರಕ್ತ ಕೊಡಿ, ಕಾರ್ಟಿಸಾಲ್ ನೋಡಬೇಕು. ಬೆಂಗಳೂರಿನವರಿಗೆ ಇದೇನು ದೊಡ್ಡದಲ್ಲ. ನಮ್ಮ ಹನೂರು, ಲೊಕ್ಕನಹಳ್ಳಿ ಕಡೆಯವರು ಹಿಂದಿನ ದಿನವೇ ಬಸ್ಸು ಹತ್ತಬೇಕು.

ಕಾರ್ಟಿಸಾಲ್ ಬೆಳಗ್ಗೆ ಏರುತ್ತೆ, ನಡುರಾತ್ರಿ ಇಳಿಯುತ್ತೆ. ಏರೋ ಹೊತ್ತಲ್ಲೂ ಕಮ್ಮಿ ಇದ್ರೆ ಗ್ರಂಥಿ ಸೋತಿದೆ ಅಂತ ಲೆಕ್ಕ. ಈ ಲೆಕ್ಕ ಕಲಿಯೋಕೆ ವೈದ್ಯಲೋಕಕ್ಕೆ ಬಹಳ ಕಾಲ ಹಿಡಿಯಿತು.

ಕಡಲೆಕಾಳಿನಷ್ಟು ಗ್ರಂಥಿ ಅದು, ಮೆದುಳಿನ ಬುಡದಲ್ಲಿ. 1889ರಲ್ಲಿ ಲಂಡನ್ನಿನ ವಿಕ್ಟರ್ ಹಾರ್ಸ್ಲಿ ತಲೆಬುರುಡೆ ತೆರೆದು ಅದನ್ನ ಮುಟ್ಟಿದ. 1907ರಲ್ಲಿ ಆಸ್ಟ್ರಿಯಾದ ಹರ್ಮನ್ ಶ್ಲೋಫರ್ ಮೂಗಿನ ದಾರಿ ಹಿಡಿದ. ಅವನ ರೋಗಿ ಕೆಲವೇ ತಿಂಗಳಲ್ಲಿ ತೀರಿಕೊಂಡ. ಅಮೆರಿಕದ ಹಾರ್ವೆ ಕುಶಿಂಗ್ ಆ ದಾರಿಯನ್ನ ಪಳಗಿಸಿದ. ಗಡ್ಡೆ ತೆಗೆಯೋ ಕೈಚಳಕ ಬಂತು, ನಿಜ. ಆದರೆ ಗ್ರಂಥಿ ಕೆಲಸ ನಿಲ್ಲಿಸಿದ್ರೆ ಅದರ ಬದಲಿಗೆ ಕೊಡೋಕೆ ಏನಿತ್ತು? ಕಾರ್ಟಿಸೋನ್ ಔಷಧಿಯಾಗಿ ಸುದ್ದಿಯಾದದ್ದೇ 1949ರಲ್ಲಿ, ಅದೂ ಕೀಲುವಾತಕ್ಕೆ! ರಕ್ತದಲ್ಲಿ ಹಾರ್ಮೋನು ಅಳೆಯೋ ವಿದ್ಯೆ ಇನ್ನೂ ತಡ. ನ್ಯೂಯಾರ್ಕಿನ ರೊಸಲಿನ್ ಯಾಲೊ, ಸಾಲೊಮನ್ ಬರ್ಸನ್ ಇಬ್ಬರೂ ವಿಕಿರಣದ ಅಯೋಡಿನ್ ಬಳಸಿ ಮೊದಲು ಇನ್ಸುಲಿನ್ ಅಳೆದರು. ಆಮೇಲೆ ಬೇರೆ ಹಾರ್ಮೋನುಗಳ ಸರದಿ. 1977ರಲ್ಲಿ ಯಾಲೊಗೆ ನೊಬೆಲ್ ಬಂತು. ಬರ್ಸನ್ ಅಷ್ಟರಲ್ಲಿ ತೀರಿಹೋಗಿದ್ದರು. ನನ್ನ ಪ್ರಕಾರ ರೋಗಿಯನ್ನ ಆಪರೇಷನ್ ನಂತರ ಉಳಿಸಿದ್ದು ಚಾಕುವಿಗಿಂತ ಈ ಮಾತ್ರೆ ಮತ್ತು ಈ ಅಳತೆ.

ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾದ 1954ರಲ್ಲಿ ಕೊಳ್ಳೇಗಾಲ ತಾಲೂಕು ಇನ್ನೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರಲ್ಲಿ ಮೈಸೂರಿಗೆ ಬಂತು, 1997ರಲ್ಲಿ ಚಾಮರಾಜನಗರಕ್ಕೆ. ಆ ಸಂಸ್ಥೆಯೂ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಸೇರಿ ನಿಮ್ಹಾನ್ಸ್ ಆಯಿತು. ಜಿಲ್ಲೆ ಬದಲಾಯಿತು, ತಲೆಯ ದೊಡ್ಡ ಆಪರೇಷನ್ನಿಗೆ ಬೆಂಗಳೂರಿನ ದಾರಿ ಬದಲಾಗಲಿಲ್ಲ.

ತೊಂದರೆ ಇರೋದು ವಾಪಸ್ ಬಂದ ಮೇಲೆ. ಮೊದಲ ದಿನಗಳಲ್ಲಿ ವಿಪರೀತ ಬಾಯಾರಿಕೆ, ಮೂತ್ರ ಆದ್ರೆ ಆಸ್ಪತ್ರೆಯವರೇ ನೋಡ್ತಾರೆ. ವಾರದ ಹೊತ್ತಿಗೆ ಸೋಡಿಯಂ ಇಳಿದ್ರೆ ರೋಗಿ ಊರಲ್ಲಿರ್ತಾನೆ. ತಲೆನೋವು, ವಾಕರಿಕೆ, ಮಂಕು ಕಂಡ್ರೂ ಮನೆಯವರು ಪ್ರಯಾಣದ ಸುಸ್ತು ಅಂದ್ಕೋತಾರೆ. ಸೋಡಿಯಂ ಪರೀಕ್ಷೆಗೆ ಬೆಂಗಳೂರಿಗೇ ಹೋಗಬೇಕಿಲ್ಲ, ಹತ್ತಿರದ ಪೇಟೆಯ ಲ್ಯಾಬಿನಲ್ಲೂ ಆಗುತ್ತೆ. ಇನ್ನು ಸ್ಟೀರಾಯ್ಡ್ ಅನ್ನೋ ಹೆಸರಿಗೇ ಹೆದರಿ, ಮೈ ಊದುತ್ತೆ ಅಂತ ಮಾತ್ರೆ ಬಿಟ್ಟೋರೂ ಇದ್ದಾರೆ. ಇಲ್ಲಿ ಅದು ದೇಹ ತಾನೇ ಮಾಡ್ಕೊಳ್ಳದ್ದನ್ನ ತುಂಬಿಕೊಡೋ ಮಾತ್ರೆ. ಜ್ವರ ಬಂದ್ರೆ ಡಾಕ್ಟರು ಹೇಳಿದಂತೆ ಹೆಚ್ಚಿಸಬೇಕು; ವಾಂತಿಯಾಗಿ ಮಾತ್ರೆ ನಿಲ್ಲದಿದ್ರೆ ಇಂಜೆಕ್ಷನ್ನೇ ಬೇಕು, ಅದೂ ತಡಮಾಡದೆ. ರಾತ್ರಿ ಹೊತ್ತು ಸಿಕ್ಕಿದ ಆಸ್ಪತ್ರೆಯ ಡಾಕ್ಟರಿಗೆ ಇದು ಗೊತ್ತಾಗಬೇಕಲ್ಲ? ಅದಕ್ಕೆ ಡಿಸ್ಚಾರ್ಜ್ ಚೀಟಿಯನ್ನ ಟ್ರಂಕಿನಲ್ಲಿಡದೆ ಜೇಬಲ್ಲಿ ಇಟ್ಕೊಳ್ಳಿ.