ಗೆಳೆತನದ ಸಂಘಕ್ಕೊಂದು ನೆನಪಿನ ಮರ

ಗರ್ಲ್ಸ್ ಫ್ರೆಂಡ್ಲಿ ಸೊಸೈಟಿ ಆಂಗ್ಲಿಕನ್ ಚರ್ಚಿನ ಆಸರೆಯಲ್ಲಿ ಯುವತಿಯರಿಗಾಗಿ ಹುಟ್ಟಿದ ಸಂಘ. ಮೇರಿ ಎಲಿಜಬೆತ್ ಟೌನ್‌ಸೆಂಡ್ ಇದನ್ನು ಇಂಗ್ಲೆಂಡಿನಲ್ಲಿ 1875ರ ಜನವರಿ 1ರಂದು ಆರಂಭಿಸಿದರು. ಆಗ ಹಳ್ಳಿಯ ಹುಡುಗಿಯರು ಇನ್ನೂ ಎಳೆಯ ವಯಸ್ಸಿನಲ್ಲೇ ಮನೆಗೆಲಸಕ್ಕೆಂದೋ ಗಿರಣಿಗೆಂದೋ ಪಟ್ಟಣ ಸೇರುತ್ತಿದ್ದರು. ಕಾಯಿಲೆ ಬಿದ್ದರೆ ಕೇಳುವವರಿಲ್ಲ, ಕೆಲಸ ಹೋದರೆ ಆ ರಾತ್ರಿ ಮಲಗಲು ಜಾಗವಿಲ್ಲ.

ಸಂಘದ ಏರ್ಪಾಡು ಸರಳವಾಗಿತ್ತು, ಅದೇ ಅದರ ಹೆಚ್ಚುಗಾರಿಕೆ. ಪ್ರತಿ ಹುಡುಗಿಗೂ ‘ಅಸೋಸಿಯೇಟ್’ ಎಂಬ ಹಿರಿಯ ಮಹಿಳೆಯೊಬ್ಬರ ಆಸರೆ. ಹುಡುಗಿ ಊರು ಬಿಟ್ಟರೆ ಅವರು ಅವಳು ಹೋಗುವ ಊರಿನ ಅಸೋಸಿಯೇಟ್‌ಗೆ ಕಾಗದ ಬರೆಯುತ್ತಿದ್ದರು. ಹೊಸ ಊರಿನಲ್ಲೂ ಹೆಸರು ಹಿಡಿದು ಕರೆಯುವ ಒಬ್ಬರಿರುತ್ತಿದ್ದರು. ಜೊತೆಗೆ ತಂಗುಮನೆ, ಕೆಲಸ ಹುಡುಕಿಕೊಡುವ ನೆರವು, ಓದಲು ಪುಸ್ತಕ. ಅಸೋಸಿಯೇಟ್‌ಗಳು ಇಂಗ್ಲೆಂಡಿನ ಚರ್ಚಿನವರೇ ಆಗಿರಬೇಕಿತ್ತು. ಸದಸ್ಯೆಯರಿಗೆ ಆ ಕಟ್ಟಳೆ ಇರಲಿಲ್ಲ.

ಒಂದು ನಿಯಮ ಮಾತ್ರ ಕಠಿಣವಾಗಿತ್ತು: ನಡತೆಗೆ ಕಳಂಕ ಹತ್ತಿದವಳಿಗೆ ಪ್ರವೇಶವಿಲ್ಲ, ಸೇರಿದ ಮೇಲೆ ಕಳಂಕ ಬಂದರೆ ಸದಸ್ಯತ್ವವಿಲ್ಲ. ಆಸರೆ ಎಲ್ಲರಿಗಿಂತ ಹೆಚ್ಚು ಬೇಕಿದ್ದವಳೇ ಹೊರಗುಳಿದಳು. ಈ ಕುರಿತು ಸಂಘದೊಳಗೇ ತೀವ್ರ ವಾದ ನಡೆಯಿತು. ಸಂಘದ ಒಳ್ಳೆಯತನವನ್ನು ಹೇಳುವಾಗ ಇದನ್ನು ಮರೆಮಾಚುವುದು ನ್ಯಾಯವಲ್ಲ.

1877ರಲ್ಲಿ ಸಂಘ ಅಮೆರಿಕ ತಲುಪಿತು. ಮ್ಯಾಸಚೂಸೆಟ್ಸ್‌ನ ಲೋವೆಲ್ ಹತ್ತಿಗಿರಣಿಗಳ ಊರು. ಅಲ್ಲಿನ ಸೇಂಟ್ ಆನ್ಸ್ ಚರ್ಚಿನಲ್ಲಿ ಮೊದಲ ಶಾಖೆ ತೆರೆಯಿತು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನಲ್ಲಿ ಸದಸ್ಯೆಯರ ಸಂಖ್ಯೆ 2 ಲಕ್ಷದ ಹತ್ತಿರಕ್ಕೆ ಬಂದಿತ್ತು. ಗಾರ್ಮೆಂಟ್ಸ್ ಕೆಲಸಕ್ಕೆ ಬೆಂಗಳೂರಿನ ಪೀಣ್ಯಕ್ಕೆ ಬಂದಿಳಿಯುವ ಹುಡುಗಿಯರನ್ನು ಕಂಡವರಿಗೆ ಲೋವೆಲ್ ದೂರದ ಊರೆನಿಸದು.

ಇಂಥ ಸಂಘದ ನೆನಪಿಗೆ ಒಂದು ಮರ ನೆಡಬಹುದು. ನೆನಪಿಗಾಗಿ ಮರ ನೆಡುವ ಪದ್ಧತಿ ಕನ್ನಡಿಗರಿಗೂ ಹೊಸದಲ್ಲ. ಲಾಲ್‌ಬಾಗ್‌ನಲ್ಲಿ ರಾಣಿ ಎರಡನೆಯ ಎಲಿಜಬೆತ್ 1961ರಲ್ಲಿ ನೆಟ್ಟ ಅರಾಕೇರಿಯಾ ಮರ ಇದೆ. ಅಲ್ಲಿ ನೆನಪು ಗಣ್ಯರದು. ಸಂಘದ ಮರದಲ್ಲಿ ಕೂಲಿ ಹುಡುಗಿಯರದು, ಅವರಿಗೆ ಕಾಗದ ಬರೆದ ಹೆಂಗಸರದು. ಅವರ ಹೆಸರುಗಳಿಗೆ ಫಲಕದಲ್ಲಿ ಜಾಗ ಸಾಲದು, ಸಂಘದ ಹೆಸರೊಂದೇ ನಿಲ್ಲುತ್ತದೆ. ಆ ಫಲಕವನ್ನು ಕಾಂಡಕ್ಕೆ ಮೊಳೆ ಹೊಡೆಯದೆ ಬುಡದ ಕಲ್ಲಿಗೆ ಕೂರಿಸುವುದು ಒಳ್ಳೆಯದು. ಮರ ದಪ್ಪವಾದಂತೆ ತೊಗಟೆ ಮೊಳೆಯನ್ನೂ ಅಕ್ಷರಗಳನ್ನೂ ನುಂಗುತ್ತದೆ. ಕಲ್ಲಿನಲ್ಲಿದ್ದರೆ, ಮರ ಬಿದ್ದರೂ ಅದೇ ಗುಂಡಿಯಲ್ಲಿ ಮತ್ತೊಂದು ಸಸಿ ನೆಡಬಹುದು.